ಅರ್ಧ ಸಾಕು, ಸುತ್ತು ನಿಲ್ಲಬಾರದು

ನಲವತ್ತು ದಾಟಿದ ಕೂಡಲೇ ನಿನಗೆ ಮೈಮೇಲೆ ಎಚ್ಚರ ಬಂದಿದೆ ಅಂತ ಕೇಳಿ ಸಂತೋಷವಾಯಿತು. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಮೂರು ನಾಲ್ಕು ಕಡೆ ದಪ್ಪಕ್ಷರ ಕಂಡಿತು, ಅವತ್ತೇ ಸಂಜೆ ಜಿಮ್ಮಿಗೆ ಹೋಗಿ ಇಡೀ ವರ್ಷದ ಫೀಸು ಕಟ್ಟಿಬಂದೆ. ಮಾರನೆಯ ದಿನ ಬೂಟು ಬಂತು. ಅದರ ಮಾರನೆಯ ದಿನ ಎದೆಬಡಿತ ಎಣಿಸುವ ವಾಚು ಬಂತು. ಅಡುಗೆಮನೆ ಕಟ್ಟೆಯ ಮೇಲೆ ಪ್ರೋಟೀನ್ ಪುಡಿಯ ಡಬ್ಬ ಕೂತಿದೆ, ಮುಚ್ಚಳ ಇನ್ನೂ ತೆಗೆದಿಲ್ಲ. ಸಾಮಾನೆಲ್ಲ ಬಂತಪ್ಪ, ನೀನು ಯಾವಾಗ ಬರುತ್ತೀ?

ಕೋಪ ಮಾಡಿಕೊಳ್ಳಬೇಡ ಮಗು. ನಲವತ್ತಾದವನನ್ನು ಮಗು ಅನ್ನುತ್ತಾರಾ ಅಂತ ಕೇಳಬೇಡ, ನನ್ನ ವಯಸ್ಸಿಗೆ ನೀನು ಮಗುವೇ. ಮೈಸೂರಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಸೀಟಿ ಊದಿ ಊದಿ ನಿವೃತ್ತನಾದ ಮೇಲೂ ಬೆಳಿಗ್ಗೆ ಪಾರ್ಕಿಗೆ ಬಂದವರನ್ನು ನೋಡುವ ಚಟ ಹೋಗಿಲ್ಲ. ಜನವರಿಯಲ್ಲಿ ಹೊಸಬರು ಬರುತ್ತಾರೆ. ಮೊದಲ ವಾರವೇ ಕುಣಿದಾಡಿ, ಎರಡನೆಯ ವಾರ ಮಂಡಿಗೆ ಪಟ್ಟಿ ಸುತ್ತಿಕೊಂಡು, ಶಿವರಾತ್ರಿಯ ಹೊತ್ತಿಗೆ ಕಾಣೆಯಾಗುತ್ತಾರೆ. ಬಲಶಾಲಿಗಳೇ ಮೊದಲು ಹೋಗುವುದು. ಉಳಿಯುವವರು ಯಾರು ಗೊತ್ತೇ? ಯಾರ ಕಣ್ಣಿಗೂ ಬೀಳದ, ಮಾತು ಕಡಿಮೆಯ, ಇವತ್ತು ಮಾಡಿದ್ದನ್ನೇ ನಾಳಿದ್ದೂ ಮಾಡುವ ಸಾಧಾರಣ ಜನ. ನಿನ್ನಲ್ಲಿ ಬಲವಿದೆ, ಬುದ್ಧಿಯಿದೆ, ಹುಮ್ಮಸ್ಸೂ ಇದೆ. ಇಲ್ಲದ್ದು ಸಾಧಾರಣತನ ಒಂದೇ. ಅದನ್ನು ಕಲಿಸೋಣ ಅಂತ ಕೂರಿಸಿಕೊಂಡಿದ್ದೇನೆ.

ನೀನು ಕನ್ನಡಿಯಲ್ಲಿ ಹೊಟ್ಟೆ ನೋಡಿಕೊಂಡು ಹೆದರಿದ್ದೀಯ. ಹೆದರಬೇಕಾದದ್ದು ಕನ್ನಡಿಗೆ ಕಾಣದ ಜಾಗದಲ್ಲಿದೆ. ರಕ್ತನಾಳದ ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳ ಪದರ ಇರುತ್ತದೆ, ಎಂಡೋಥೀಲಿಯಂ ಅನ್ನುತ್ತಾರೆ. ಬಹುಕಾಲ ಅದನ್ನು ಬರೀ ಅಸ್ತರು ಅಂತಲೇ ತಿಳಿದಿದ್ದರು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಅನ್ನುವವರು ಮೊಲದ ರಕ್ತನಾಳದ ತುಂಡುಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಒಂದೇ ಔಷಧ ಹಾಕಿದರೂ ಕೆಲವು ತುಂಡು ಸಡಿಲವಾಗುತ್ತಿದ್ದವು, ಕೆಲವು ಆಗುತ್ತಿರಲಿಲ್ಲ. ಕೈತಪ್ಪಿ ಒಳಪದರ ಉಜ್ಜಿಹೋಗಿದ್ದ ತುಂಡುಗಳೇ ಸಡಿಲವಾಗದೆ ಉಳಿದವು. 1980ರಲ್ಲಿ ಅದನ್ನು ಪ್ರಕಟಿಸಿದರು. ಆ ಪದರ ತಾನೇ ಏನನ್ನೋ ಹೊರಬಿಟ್ಟು ನಾಳವನ್ನು ಹಿಗ್ಗಿಸುತ್ತದೆ ಅಂತಾಯಿತು. ಆ ಏನೋ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಅಂತ ಆಮೇಲೆ ತಿಳಿಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ ನೊಬೆಲ್ ಬಂತು.

ಈ ಅನಿಲವನ್ನು ಅಂಗಡಿಯಲ್ಲಿ ಕೊಳ್ಳಬೇಕಾಗಿಲ್ಲ. ರಕ್ತ ಜೋರಾಗಿ ಹರಿದು ಒಳಗೋಡೆಯನ್ನು ಸವರಿಕೊಂಡು ಹೋದಾಗ ಪದರ ತಾನಾಗಿ ಅದನ್ನು ಬಿಡುತ್ತದೆ. ಮೆಟ್ಟಿಲು ಹತ್ತು, ತೊಡೆಗೆ ರಕ್ತ ಬೇಕಾಗುತ್ತದೆ, ಹರಿವು ಏರುತ್ತದೆ, ನಾಳ ಹಿಗ್ಗುತ್ತದೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಕುರ್ಚಿಯಲ್ಲಿ ಕೂತಿರು, ಕಾಲಿನ ನಾಳಗಳಲ್ಲಿ ಹರಿವು ಮಂದವಾಗುತ್ತದೆ, ಪದರಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಹೀಗೆ ವರ್ಷಗಟ್ಟಲೆ ಸಾಗಿದರೆ ನಾಳದ ಗತಿ ಓಡಿಸದೆ ಮೂಲೆಗೆ ನಿಲ್ಲಿಸಿದ ಸೈಕಲ್ಲಿನ ಟ್ಯೂಬಿನದೇ. ನೋಡಲು ಇದ್ದ ಹಾಗೇ ಇರುತ್ತದೆ, ರಬ್ಬರು ಮಾತ್ರ ಪೆಡಸಾಗಿರುತ್ತದೆ.

ಪೆಡಸಾಗಿದೆಯೋ ಇಲ್ಲವೋ ಅಂತ ಅಳೆಯುವುದಕ್ಕೂ ಉಪಾಯವಿದೆ. ಹೃದಯ ಒಮ್ಮೆ ಬಡಿದಾಗ ಎದ್ದ ಅಲೆ ಕತ್ತಿನ ನಾಳದಿಂದ ತೊಡೆಯ ನಾಳಕ್ಕೆ ಎಷ್ಟು ವೇಗವಾಗಿ ಹೋಗುತ್ತದೆ ಅಂತ ನೋಡುತ್ತಾರೆ. ಮೆತ್ತಗಿರುವ ನಾಳ ಅಲೆಯನ್ನು ಹೀರಿಕೊಂಡು ನಿಧಾನವಾಗಿ ಸಾಗಿಸುತ್ತದೆ. ಗಟ್ಟಿ ನಾಳದಲ್ಲಿ ಅಲೆ ಓಡುತ್ತದೆ. ಸೆಕೆಂಡಿಗೆ 10 ಮೀಟರ್ ದಾಟಿದರೆ ಡಾಕ್ಟರುಗಳು ಎಚ್ಚರಿಕೆ ಹೇಳುತ್ತಾರೆ. ಬೇಗ ತಲುಪಿದ್ದೆಲ್ಲ ಒಳ್ಳೆಯದು ಅಂತ ನಂಬಿರುವ ನಿನಗೆ ಇದನ್ನು ಬೇಕೆಂದೇ ಹೇಳಿದೆ.

ಆದರೆ ವಯಸ್ಸಾಯಿತು, ಇನ್ನೇನು ಮಾಡುವುದು ಅಂತ ಮುಖ ಸಣ್ಣದು ಮಾಡಿಕೊಳ್ಳಬೇಡ. ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ಇಪ್ಪತ್ತರ ಹರೆಯದ ಐದು ಜನ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿಬಿಟ್ಟರು. ಎದ್ದು ಓಡಾಡುವ ಹಾಗಿಲ್ಲ. ಮೂರು ವಾರದಲ್ಲಿ ಅವರ ದಮ್ಮು, ಅಂದರೆ ಮೈ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಶಕ್ತಿ, ಕಾಲುಭಾಗಕ್ಕಿಂತ ಹೆಚ್ಚು ಇಳಿಯಿತು. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಹುಡುಕಿ ಮತ್ತೆ ಅಳೆದರು. ಹೊಟ್ಟೆ ಬಂದಿತ್ತು, ಐವತ್ತಾಗಿತ್ತು. ಆದರೂ ಮೂವತ್ತು ವರ್ಷದ ವಯಸ್ಸು ಮಾಡಿದ ನಷ್ಟ ಆ ಮೂರು ವಾರದ ಹಾಸಿಗೆ ಮಾಡಿದ ನಷ್ಟಕ್ಕಿಂತ ಕಡಿಮೆಯೇ ಇತ್ತು! ಆರು ತಿಂಗಳು ನಡಿಗೆ, ಮೆಲುಓಟ, ಸೈಕಲ್ಲು ಮಾಡಿಸಿದಾಗ ಕಳೆದುಕೊಂಡಿದ್ದ ದಮ್ಮು ವಾಪಸು ಬಂತು. ಆದ್ದರಿಂದ ಎಲ್ಲದಕ್ಕೂ ವಯಸ್ಸಿನ ಮೇಲೆ ಗೂಬೆ ಕೂರಿಸಬೇಡ. ಸೋಫಾವನ್ನೂ ಸ್ವಲ್ಪ ವಿಚಾರಿಸು.

ಆ ದಮ್ಮನ್ನು ವಾಪಸು ತರಲು ನಾನು ಹೇಳುವ ದಾರಿ ಸರ್ಕ್ಯೂಟ್ ವ್ಯಾಯಾಮ, ಈಗ ಆ ವಿಷಯಕ್ಕೆ ಬರೋಣ. ನಿನ್ನ ಜಿಮ್ಮಿನ ಹುಡುಗ ಅದನ್ನು ಹೊಸದಾಗಿ ಕಂಡುಹಿಡಿದವನ ಗತ್ತಿನಲ್ಲಿ ಹೇಳಿದನಂತೆ. ಅವನ ಅಜ್ಜ ಹುಡುಗನಾಗಿದ್ದ ಕಾಲದ್ದು ಅದು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಮಾರ್ಗನ್ ಮತ್ತು ಆಡಮ್ಸನ್ ಅನ್ನುವ ಇಬ್ಬರು ವ್ಯಾಯಾಮದ ಮೇಷ್ಟ್ರುಗಳು ಇದನ್ನು ರೂಪಿಸಿದರು. ನನ್ನ ಜಾತಿಯವರೇ, ಸೀಟಿ ಜಾತಿ. ಒಂದು ಹಾಲಿನಲ್ಲಿ ತುಂಬ ಹುಡುಗರು, ಒಬ್ಬನಿಗೆ ಬಲ ಜಾಸ್ತಿ, ಇನ್ನೊಬ್ಬನಿಗೆ ಕಡಿಮೆ. ಎಲ್ಲರಿಗೂ ಒಂದೇ ಡ್ರಿಲ್ ಹೇಳಿದರೆ ಅರ್ಧ ಜನಕ್ಕೆ ಬೇಸರ, ಅರ್ಧ ಜನಕ್ಕೆ ಸುಸ್ತು. ಅದಕ್ಕೆ ಹಾಲಿನ ಸುತ್ತ ಒಂಬತ್ತರಿಂದ ಹನ್ನೆರಡು ಠಾವು ಮಾಡಿದರು. ಒಂದೊಂದು ಠಾವಿನಲ್ಲಿ ಒಂದೊಂದು ಬಗೆಯ ಕೆಲಸ. ಮಾಡು, ಮುಂದಿನದಕ್ಕೆ ಹೋಗು, ಸುತ್ತು ಮುಗಿಸು.

ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಅಳತೆಯ ಲೆಕ್ಕ. ಪ್ರತಿಯೊಬ್ಬನೂ ಮೊದಲು ತನ್ನ ಕೈಲಾದಷ್ಟೂ ಮಾಡಿ ತೋರಿಸಬೇಕು. ಆ ಸಂಖ್ಯೆಯನ್ನು ಬರೆದುಕೊಂಡು ಅರ್ಧ ಮಾಡುತ್ತಿದ್ದರು. ಆ ಅರ್ಧವೇ ಅವನ ಪಾಲು. ನೀನು ಒಂದು ನಿಮಿಷದಲ್ಲಿ ಮೂವತ್ತು ಬಸ್ಕಿ ಹೊಡೆಯಬಲ್ಲೆಯಾ, ಸಂತೋಷ, ನಿನಗೆ ಹದಿನೈದು. ಪಕ್ಕದವನು ನಲವತ್ತು ಹೊಡೆದರೆ ಅವನಿಗೆ ಇಪ್ಪತ್ತು, ಅದು ಅವನ ಲೆಕ್ಕ. ಕೈಲಾಗುವುದರಲ್ಲಿ ಅರ್ಧ ಮಾತ್ರ ಮಾಡಿ ಮುಂದಿನ ಠಾವಿಗೆ ಹೋಗುವುದಿದೆಯಲ್ಲ, ನಿನ್ನಂಥವನಿಗೆ ಅದರಷ್ಟು ಕಷ್ಟದ ವ್ಯಾಯಾಮ ಇನ್ನೊಂದಿಲ್ಲ. ಕೈ ತುರಿಸುತ್ತದೆ. ಇನ್ನೈದು ಹಾಕಿಬಿಡೋಣ ಅನ್ನಿಸುತ್ತದೆ. ಹಾಕಬೇಡ. ಆ ಐದನ್ನು ಹಾಕಿದವನು ಎಂಟನೆಯ ಠಾವಿಗೆ ತಲುಪುವ ಹೊತ್ತಿಗೆ ನೆಲದ ಮೇಲೆ ಬಿದ್ದಿರುತ್ತಾನೆ, ಹೃದಯಕ್ಕೆ ಬೇಕಾದ ಸುತ್ತು ಅಲ್ಲಿಗೆ ನಿಂತಿರುತ್ತದೆ.

ನಮ್ಮ ಗರಡಿಮನೆಯ ಉಸ್ತಾದರೂ ದಂಡ, ಬಸ್ಕಿ, ಗದೆ ಅಂತ ಒಂದಾದ ಮೇಲೊಂದು ಮಾಡಿಸುತ್ತಿದ್ದರು, ಒಂದರಲ್ಲೇ ಕೂರಲು ಬಿಡುತ್ತಿರಲಿಲ್ಲ. ಹಾಗಂತ ಸರ್ಕ್ಯೂಟ್ ನಮ್ಮದೇ ಅಂತ ನಾನೇನೂ ವಾದ ಹೂಡುವುದಿಲ್ಲ. ಪೈಲ್ವಾನರ ಉದ್ದೇಶ ಕುಸ್ತಿ ಗೆಲ್ಲುವುದು. ನಿನ್ನ ಉದ್ದೇಶ ಅರವತ್ತರಲ್ಲಿ ಮೊಮ್ಮಗುವನ್ನು ಎತ್ತಿಕೊಂಡು ಮಹಡಿ ಹತ್ತುವುದು.

ಮನೆಯಲ್ಲೇ ಮಾಡಬಹುದು, ಜಿಮ್ಮಿನ ಫೀಸಿನ ದುಃಖ ಆಮೇಲೆ ನೋಡೋಣ. ಮೊದಲು ಐದಾರು ನಿಮಿಷ ನಡೆದಾಡಿ ಮೈ ಬಿಸಿ ಮಾಡಿಕೋ. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರು, ಎದ್ದು ಕೂರು. ಅದು ಹಗುರ ಅನ್ನಿಸಿದ ಮೇಲೆ ಕುರ್ಚಿ ತೆಗೆದು ಬಸ್ಕಿ. ಎರಡನೆಯದು ಅಡುಗೆಕಟ್ಟೆಗೆ ಕೈಕೊಟ್ಟು ಓರೆಯಾಗಿ ದಂಡ. ನೆಲದ ಮೇಲೆ ಹೊಡೆಯುವ ಶೂರತನ ಮೂರು ತಿಂಗಳು ಬಿಟ್ಟು. ಮೂರನೆಯದು ಮನೆ ಮುಂದಿನ ಒಂದೇ ಮೆಟ್ಟಿಲು ಹತ್ತಿ ಇಳಿಯುವುದು, ಬಲಗಾಲು ಒಮ್ಮೆ ಮೊದಲು, ಎಡಗಾಲು ಒಮ್ಮೆ. ಆಮೇಲೆ ಕಿಟಕಿಯ ಸರಳಿಗೆ ದಪ್ಪ ರಬ್ಬರ್ ಬ್ಯಾಂಡ್ ಕಟ್ಟಿ ಎರಡು ಕೈಯಲ್ಲಿ ಎದೆಯತ್ತ ಎಳೆ. ಲ್ಯಾಪ್‌ಟಾಪಿನ ಮುಂದೆ ಗೂನಾದ ಬೆನ್ನಿಗೆ ಇದು ಸಂಜೀವಿನಿ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತು. ಎರಡು ಬಕೆಟ್ಟಿಗೆ ಅರ್ಧರ್ಧ ನೀರು ತುಂಬಿ, ಬೆನ್ನು ನೆಟ್ಟಗೆ ಮಾಡಿ, ಹಜಾರದ ಈ ತುದಿಯಿಂದ ಆ ತುದಿಗೆ ನಡೆ. ನಿಂತಲ್ಲೇ ಮೊಣಕಾಲೆತ್ತಿ ಓಡು. ಕೊನೆಗೆ ಮೊಣಕೈಯೂರಿ ಪ್ಲ್ಯಾಂಕ್. ಎಂಟಾಯಿತು. ಒಂದೊಂದಕ್ಕೆ ಅರ್ಧ ನಿಮಿಷ, ನಡುವೆ ಕಾಲುನಿಮಿಷದಿಂದ ಅರ್ಧ ನಿಮಿಷದ ಬಿಡುವು. ಮೊದಲ ಎರಡು ವಾರ ಒಂದೇ ಸುತ್ತು, ಆಮೇಲೆ ಎರಡು, ಮೈ ಒಪ್ಪಿದರೆ ಮೂರು.

ಕಾಲಿನದಾದ ಮೇಲೆ ಕೈಯದು, ಕೈಯದಾದ ಮೇಲೆ ಕಾಲಿನದು ಬರುವ ಹಾಗೆ ಜೋಡಿಸಿದ್ದೇನೆ ನೋಡು. ಕಾಲು ದುಡಿಯುವಾಗ ಕೈ ಸುಧಾರಿಸಿಕೊಳ್ಳುತ್ತದೆ. ಹೃದಯಕ್ಕೆ ಮಾತ್ರ ಬಿಡುವಿಲ್ಲ, ಮೂರು ಸುತ್ತಾದರೆ ಅದು ಇಪ್ಪತ್ತು ನಿಮಿಷ ಒಂದೇ ಏರಿನಲ್ಲಿ ನಡೆಯುತ್ತಿರುತ್ತದೆ. ರಕ್ತ ಈಗ ತೊಡೆಗೆ, ಈಗ ತೋಳಿಗೆ, ಮತ್ತೆ ತೊಡೆಗೆ ಅಂತ ಹರಿದು ಎಲ್ಲ ಕಡೆಯ ಒಳಪದರಕ್ಕೂ ಕೆಲಸ ಕೊಡುತ್ತದೆ. ಸರ್ಕ್ಯೂಟಿನ ಗುಟ್ಟು ಇಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಎರಡಕ್ಕೂ ಬೇರೆ ಬೇರೆ ಹೊತ್ತು ಹುಡುಕಲಾರದ ಸಂಸಾರವಂದಿಗನಿಗೆ ದಿನ ಬಿಟ್ಟು ದಿನ ಮೂರು ಸರ್ಕ್ಯೂಟು, ಉಳಿದ ದಿನ ಬಿರುಸು ನಡಿಗೆ, ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ.

ಎಷ್ಟು ಜೋರು? ವಾಚು ನೋಡಬೇಡ, ಬಾಯಿ ನೋಡಿಕೋ. ಪಕ್ಕದವರ ಜೊತೆ ಒಂದೊಂದು ವಾಕ್ಯ ಆಡಲು ಸಾಧ್ಯ, ಹಾಡು ಹೇಳಲು ಅಸಾಧ್ಯ ಅನ್ನುವಷ್ಟು. ಪೂರ್ತಿ ಹಾಡು ಬಂದರೆ ಸೋಮಾರಿತನ, ಮಾತೇ ನಿಂತರೆ ದುಡುಕು. ಬಿಪಿಗೆ ಬೀಟಾ ಬ್ಲಾಕರ್ ಗುಳಿಗೆ ನುಂಗುವವರಂತೂ ವಾಚನ್ನು ನಂಬಲೇಬಾರದು. ಆ ಗುಳಿಗೆ ಎದೆಬಡಿತವನ್ನೇ ತಡೆದು ಹಿಡಿಯುತ್ತದೆ. ಎಷ್ಟು ಒದ್ದಾಡಿದರೂ ಅಂಕಿ ಏರಲಿಲ್ಲ ಅಂತ ಇನ್ನಷ್ಟು ಒದ್ದಾಡುವ ಮಹಾನುಭಾವರನ್ನು ನೋಡಿದ್ದೇನೆ.

ಇನ್ನು ನಿನ್ನ ಪ್ರೀತಿಯ ಭಾರ ಎತ್ತುವ ವಿಷಯ. ಹುಬ್ಬು ಗಂಟಿಕ್ಕಬೇಡ, ಬೇಡ ಅನ್ನುತ್ತಿಲ್ಲ. ಮೂವತ್ತು ದಾಟಿದ ಮೇಲೆ ದುಡಿಸದ ಸ್ನಾಯು ವರ್ಷದಿಂದ ವರ್ಷಕ್ಕೆ ಕರಗುತ್ತದೆ, ಭಾರ ಬೇಕು. ಆದರೆ ನೀನು ಎತ್ತುವ ರೀತಿ ನೋಡಿದ್ದೇನೆ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಕನ್ನಡಿಯಲ್ಲಿ ಯಾರು ನೋಡುತ್ತಿದ್ದಾರೆ ಅಂತ ಒಂದು ಕಣ್ಣು ತೆರೆದು. ಕೆನಡಾದಲ್ಲಿ 1985ರಲ್ಲಿ ಪಳಗಿದ ಬಾಡಿಬಿಲ್ಡರುಗಳ ತೋಳಿನ ನಾಳದೊಳಗೇ ಕೊಳವೆಯಿಟ್ಟು, ಕಾಲಿನಿಂದ ಗರಿಷ್ಠ ಭಾರ ಒತ್ತುವಾಗ ರಕ್ತದೊತ್ತಡ ಅಳೆದರು. ಸರಾಸರಿ 320/250 ಮುಟ್ಟಿತು. ನಿನ್ನ ಡಾಕ್ಟರು 140/90 ನೋಡಿದರೆ ಕನ್ನಡಕ ತೆಗೆದು ಮುಖ ನೋಡುತ್ತಾರೆ. ಪಳಗಿದ ಹುಡುಗರ ನಾಳ ಅದನ್ನು ತಡೆದುಕೊಂಡಿತು. ನಿನ್ನ ನಾಳ ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತು ಬಂದಿದೆ.

ಜಪಾನಿನಲ್ಲಿ 2004ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆರೋಗ್ಯವಂತ ಯುವಕರು ನಾಲ್ಕು ತಿಂಗಳು ಬರೀ ಭಾರ ಎತ್ತಿದರು. ಕತ್ತಿನ ನಾಳದ ಹಿಗ್ಗುವ ಗುಣ ಕಡಿಮೆಯಾಯಿತು, ಬಿಟ್ಟ ಮೇಲೆ ಮೊದಲಿನ ಹಾಗಾಯಿತು. ಭಾರದ ಜೊತೆಗೇ ದಮ್ಮಿನ ವ್ಯಾಯಾಮವನ್ನೂ ಸೇರಿಸಿದಾಗ ಆ ತೊಂದರೆ ಕಾಣಲಿಲ್ಲ ಅಂತ ಅಲ್ಲಿಯವರೇ ಮುಂದೆ ತೋರಿಸಿದರು. ಸರ್ಕ್ಯೂಟಿನಲ್ಲಿ ಭಾರ ಹಗುರ, ಉಸಿರು ಬಿಗಿಹಿಡಿಯಲು ಪುರಸೊತ್ತಿಲ್ಲ, ದಮ್ಮಿನ ಕೆಲಸ ಒಳಗೇ ಸೇರಿದೆ. ಎತ್ತುವಾಗ ಉಸಿರು ಬಿಡು, ಇಳಿಸುವಾಗ ಎಳೆದುಕೋ. ಗೊಂದಲವಾದರೆ ಗಟ್ಟಿಯಾಗಿ ಎಣಿಸು. ಬಾಯಿಬಿಟ್ಟು ಎಣಿಸುವವನು ಉಸಿರು ಕಟ್ಟಲಾರ. ಶಾಲೆಯಲ್ಲಿ ಮಕ್ಕಳಿಗೆ ಕೂಗಿ ಎಣಿಸಲು ಹೇಳುತ್ತಿದ್ದದ್ದು ಶಿಸ್ತಿಗೆ ಅಂತ ಹೆಡ್‌ಮಾಸ್ಟರು ತಿಳಿದಿದ್ದರು, ಇರಲಿ.

ಶಾಲೆ ಅಂದಾಗ ನೆನಪಾಯಿತು. ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯಲ್ಲಿ ಕೂರುವ ಶಿಕ್ಷೆ ನಿನಗೂ ಸಿಕ್ಕಿರಬೇಕು. 2023ರಲ್ಲಿ ಒಂದು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ 270 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ ವಿಶ್ರಾಂತಿಯಲ್ಲಿರುವಾಗಿನ ರಕ್ತದೊತ್ತಡವನ್ನು ಹೆಚ್ಚು ಇಳಿಸಿದ್ದು ಇಂಥ ಅಲುಗಾಡದೆ ಬಿಗಿಹಿಡಿಯುವ ವ್ಯಾಯಾಮಗಳೇ, ಮೇಲಿನ ಅಂಕಿ ಸುಮಾರು 8ರಷ್ಟು ಇಳಿಯಿತು. ನಡಿಗೆ ಓಟಗಳ ಗುಂಪಿನಲ್ಲಿ ಅದು ನಾಲ್ಕೂವರೆಯ ಸುಮಾರು, ದಮ್ಮು ಮತ್ತು ಭಾರ ಎರಡೂ ಸೇರಿದ್ದರಲ್ಲಿ 6. ಹಾಗಂತ ಗೋಡೆಗೆ ಅಂಟಿಕೊಂಡು ಕೂತುಬಿಡಬೇಡ, ಅದರಿಂದ ದಮ್ಮು ಬರುವುದಿಲ್ಲ. ಎಂಟು ಠಾವಿನ ಜೊತೆಗೆ ಒಂಬತ್ತನೆಯದಾಗಿ ಅದನ್ನೂ ಸೇರಿಸಿಕೋ, ಉಸಿರಾಡುತ್ತಾ. ತೊಡೆ ನಡುಗಿದಾಗ ನಿನ್ನ ಡ್ರಿಲ್ ಮೇಷ್ಟ್ರನ್ನು ಬೈದುಕೋ, ಅಡ್ಡಿಯಿಲ್ಲ.

ಒಂದು ಮಾತು ನಿಷ್ಠುರವಾಗಿ ಹೇಳಬೇಕು. 2021ರ ಅಕ್ಟೋಬರ್ 29ರಂದು ನಮ್ಮ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಊರೆಲ್ಲ ಅತ್ತಿತು. ಅತ್ತ ಮೇಲೆ ಜನ ಎರಡು ಪಂಗಡವಾದರು. ಒಂದು ಪಂಗಡ ಹೃದಯದ ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. ಇನ್ನೊಂದು, ಅಷ್ಟು ವ್ಯಾಯಾಮ ಮಾಡಿದವರಿಗೇ ಹೀಗಾದರೆ ನಮಗೇಕೆ ಬೇಕು ಅಂತ ಕಾಲು ಚಾಚಿ ಕೂತಿತು. ಒಂದು ಸಾವನ್ನು ಹಿಡಿದು ವ್ಯಾಯಾಮವನ್ನೇ ಜರೆಯುವುದು ಸೋಮಾರಿಗಳ ವಾದ. ನಿಜ ಏನೆಂದರೆ, ಮೈಮುರಿದು ದುಡಿಯುವ ಆ ಒಂದು ಗಳಿಗೆಯಲ್ಲಿ ಹೃದಯಾಘಾತದ ಅಪಾಯ ಕೊಂಚ ಏರುತ್ತದೆ. ಅಭ್ಯಾಸವೇ ಇಲ್ಲದೆ ಒಮ್ಮೆಲೇ ನುಗ್ಗುವವನಿಗೆ ಅದು ಬಹಳ ಹೆಚ್ಚು, ವಾರವಿಡೀ ಮೈ ದಂಡಿಸುವವನಿಗೆ ತೀರ ಕಡಿಮೆ. ವಾರವೆಲ್ಲ ಕೂತಿದ್ದು ಭಾನುವಾರ ಬೆಳಿಗ್ಗೆ ಕ್ರಿಕೆಟ್ಟಿನಲ್ಲಿ ಹಾರಿ ಕ್ಯಾಚು ಹಿಡಿಯುವ ನಿನಗೆ ಈ ಮಾತು.

ನಮ್ಮ ಕಡೆಯವರು ಇನ್ನೂ ಹುಷಾರಾಗಿರಬೇಕು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಲೆಕ್ಕದಲ್ಲಿ ಬೇರೆ ಕಡೆಯವರಿಗೆ ಮೊದಲ ಹೃದಯಾಘಾತ 59ರ ಆಸುಪಾಸಿನಲ್ಲಿ ಬಂದರೆ ದಕ್ಷಿಣ ಏಷ್ಯಾದವರಿಗೆ 53ಕ್ಕೇ ಬರುತ್ತದೆ. ಆದ್ದರಿಂದ ಬೂಟಿಗೆ ದಾರ ಕಟ್ಟುವ ಮೊದಲು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸು. ಅಪ್ಪ, ಚಿಕ್ಕಪ್ಪ, ಸೋದರಮಾವ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆ ಇತ್ತಾ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳು, ಮುಂದಿನ ಪರೀಕ್ಷೆ ಬೇಕೋ ಬೇಡವೋ ಅವರು ನೋಡಿಕೊಳ್ಳುತ್ತಾರೆ. ಬಿಪಿ ಹತೋಟಿಯಲ್ಲಿಲ್ಲ ಅಂದರೆ ಮೊದಲು ಗುಳಿಗೆ, ಆಮೇಲೆ ಬಸ್ಕಿ. ವ್ಯಾಯಾಮ ಶುರುಮಾಡಿದೆ ಅಂತ ಗುಳಿಗೆಯನ್ನು ನೀನಾಗಿ ನಿಲ್ಲಿಸುವ ಜಾಣತನ ತೋರಿಸಬೇಡ. ಮಾಡುವಾಗ ಎದೆ ಹಿಂಡಿತು, ದವಡೆಗೋ ಎಡತೋಳಿಗೋ ನೋವು ಹರಿಯಿತು, ತಣ್ಣನೆ ಬೆವರಿತು ಅಂದರೆ ಅಲ್ಲೇ ಕೂತು 108ಕ್ಕೆ ಫೋನು ಮಾಡಿಸು. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿದು ಮಲಗಿದವರನ್ನು ಮಾರನೆಯ ದಿನ ನಾವೇ ಹೊತ್ತಿದ್ದೇವೆ.

ಓದುತ್ತಿರುವವಳು ಹೆಣ್ಣುಮಗಳಾದರೆ, ಇದು ಗಂಡಸರ ವಿಷಯ ಅಂತ ಪುಟ ತಿರುಗಿಸಬೇಡಮ್ಮ. ಮುಟ್ಟು ನಿಲ್ಲುವವರೆಗೆ ಈಸ್ಟ್ರೊಜನ್ ಆ ಒಳಪದರವನ್ನು ಕಾಪಾಡಿಕೊಂಡು ಬಂದಿರುತ್ತದೆ. ನಿಂತ ಮೇಲೆ ಆ ಆಸರೆ ತಪ್ಪುತ್ತದೆ. ಯಾವತ್ತೂ ಬಿಪಿ ಇರದವರಿಗೆ ಐವತ್ತೆರಡು ಐವತ್ತಮೂರಕ್ಕೆ ಕಾಣಿಸಿಕೊಳ್ಳುವುದು ಅದಕ್ಕೇ. ಬೆಳಗಿನಿಂದ ರಾತ್ರಿವರೆಗೆ ಮನೆಗೆಲಸ ಮಾಡುತ್ತೇನಲ್ಲ, ಇನ್ನೆಂಥ ವ್ಯಾಯಾಮ ಅನ್ನುತ್ತೀಯ. ದಣಿವು ಆಗುತ್ತದೆ, ಸುಳ್ಳಲ್ಲ. ಆದರೆ ಒಲೆ ಮುಂದೆ ನಿಂತ ದಣಿವಿನಲ್ಲಿ ದಮ್ಮು ಏರುವುದಿಲ್ಲ. 2022ರ ಅಂದಾಜಿನಂತೆ ಭಾರತದ ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57 ಮಂದಿಗೆ ಸಾಕಷ್ಟು ದೈಹಿಕ ಶ್ರಮವಿಲ್ಲ. ಇದರಲ್ಲಿ ನಿನ್ನ ತಪ್ಪಿಗಿಂತ ಮನೆಯವರ ತಪ್ಪು ದೊಡ್ಡದು. ವಾರಕ್ಕೆ ಮೂರು ದಿನ ಅರ್ಧ ಗಂಟೆ ನಿನ್ನನ್ನು ಯಾರೂ ಕರೆಯಬಾರದು. ಕಾಫಿ ಬೇಕಾದವರು ಕಾಸಿಕೊಳ್ಳಲಿ.

ಮತ್ತೆ ನಿನ್ನ ವಿಷಯಕ್ಕೆ ಬರೋಣ ಮಗು. ಅರ್ಧ ಗಂಟೆ ಬೆವರು ಸುರಿಸಿ ಉಳಿದ ಹೊತ್ತೆಲ್ಲ ಕೂತರೆ ಪ್ರಯೋಜನ ಕಡಿಮೆ. ಲಂಡನ್ನಿನ ಬಸ್ಸುಗಳ ಕಥೆ ಕೇಳು. ಜೆರ್ರಿ ಮಾರಿಸ್ ಅನ್ನುವ ವೈದ್ಯರು ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು ಕಂಡಕ್ಟರುಗಳನ್ನು ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನ. ಡ್ರೈವರು ದಿನವಿಡೀ ಕೂತಿರುತ್ತಾನೆ, ಕಂಡಕ್ಟರು ಟಿಕೆಟ್ ಹರಿಯಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಚಾಮುಂಡಿ ಬೆಟ್ಟದಲ್ಲಿ ನಂದಿಯವರೆಗೆ ಹತ್ತಿದರೆ ಎಷ್ಟೋ ಅಷ್ಟು, ಕೆಲಸದ ಪ್ರತಿ ದಿನವೂ. ಕಂಡಕ್ಟರುಗಳಿಗೆ ಹೃದಯರೋಗ ಕಡಿಮೆ ಅಂತ 1953ರಲ್ಲಿ ಪ್ರಕಟಿಸಿದರು, ಲೀಡ್ಸ್‌ನಲ್ಲಿ ಸರ್ಕ್ಯೂಟ್ ಶುರುವಾದ ವರ್ಷವೇ. ಆಮೇಲೆ ಸಮವಸ್ತ್ರದ ಲೆಕ್ಕಪುಸ್ತಕ ತರಿಸಿ ನೋಡಿದರೆ, ಅದೇ ವಯಸ್ಸಿನ ಕಂಡಕ್ಟರಿಗಿಂತ ಡ್ರೈವರಿನ ಪ್ಯಾಂಟಿನ ಸೊಂಟ ಅಗಲ! ಹಾಗಾದರೆ ದಪ್ಪಗಿದ್ದವರೇ ಡ್ರೈವರು ಕೆಲಸ ಆರಿಸಿಕೊಂಡರೇನೋ ಅಂತ ಅನುಮಾನವೂ ಎದ್ದಿತು, ನ್ಯಾಯವಾದ ಅನುಮಾನವೇ. ಆದರೂ ಮಾರಿಸ್ ಹಿಡಿದ ಎಳೆ ಗಟ್ಟಿಯಾಗಿತ್ತು, ಮುಂದೆ ಬಂದವರೆಲ್ಲ ಅದನ್ನೇ ಹಿಡಿದು ನಡೆದರು. ಮಾರಿಸ್ ಕೂಡ ತಾವು ಹೇಳಿದ್ದನ್ನು ತಾವೇ ಮಾಡಿ 99 ವರ್ಷ ಬಾಳಿದರು. ನಿನ್ನ ಆಫೀಸಿನಲ್ಲಿ ಲಿಫ್ಟು ಮೂರನೆಯ ಮಹಡಿಗೂ ಹೋಗುತ್ತದೆ, ಗೊತ್ತು. ಹೋಗಲಿ ಬಿಡು, ನೀನು ಹೋಗಬೇಡ.

ಫಲ ಯಾವಾಗ ಅಂತ ತಾನೇ ನಿನ್ನ ಮುಂದಿನ ಪ್ರಶ್ನೆ? ಕೇಳದೆ ಇರುವವನಲ್ಲ ನೀನು. ಮೊದಲ ಒಂದೆರಡು ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಅದೇ ಮಹಡಿ ಸ್ವಲ್ಪ ಹಗುರ ಅನ್ನಿಸುತ್ತದೆ. ಕೆಲವೇ ವಾರದಲ್ಲಿ ನಾಳದ ಒಳಪದರ ಚುರುಕಾಗುತ್ತದೆ. ತಿಂಗಳುಗಳು ಕಳೆದ ಮೇಲೆ ನಾಳದ ಅಳತೆಯೇ ಸ್ವಲ್ಪ ದೊಡ್ಡದಾಗುತ್ತದೆ. ಬಾಸ್ಟನ್ ಮ್ಯಾರಥಾನ್ ಏಳು ಸಲ ಗೆದ್ದ ಕ್ಲಾರೆನ್ಸ್ ಡಿಮಾರ್ 1958ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ವೈದ್ಯರು ಅವರ ಹೃದಯದ ನಾಳಗಳನ್ನು ನೋಡಿದರು. ಸಾಮಾನ್ಯರದಕ್ಕಿಂತ ಎರಡು ಮೂರು ಪಟ್ಟು ಅಗಲವಿದ್ದವು. ಅವರು ಇಡೀ ಬದುಕು ಓಡಿದವರು, ನಿನಗೆ ಅಷ್ಟು ಬೇಡ.

ಹೃದಯದ ಗೋಡೆ ಮೆತ್ತಗಾಗಬೇಕಾದರೆ ಮಾತ್ರ ಹೆಚ್ಚು ಕಾಲ ಬೇಕು. ಅದೇ ಡಲ್ಲಾಸ್‌ನಲ್ಲಿ 45ರಿಂದ 64 ವಯಸ್ಸಿನ, ವ್ಯಾಯಾಮದ ಗಂಧಗಾಳಿಯಿಲ್ಲದ ಜನರನ್ನು ಆರಿಸಿ ಎರಡು ವರ್ಷ ತರಬೇತಿ ಕೊಟ್ಟರು, ವಾರಕ್ಕೆ ನಾಲ್ಕೈದು ದಿನ, ನಡುನಡುವೆ ಏದುಸಿರಿನ ಒಂದು ದಿನ. 2018ರಲ್ಲಿ ಫಲಿತಾಂಶ ಬಂತು. ದಮ್ಮು ನೂರಕ್ಕೆ 18ರಷ್ಟು ಏರಿತ್ತು, ಹೃದಯದ ಪೆಡಸುತನ ಕಾಲುಭಾಗ ಇಳಿದಿತ್ತು. ಬರೀ ಯೋಗ, ಸಮತೋಲನ, ಹಗುರ ಭಾರ ಮಾಡಿದ ಇನ್ನೊಂದು ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ. ಯೋಗವನ್ನು ಬಿಡು ಅಂತ ಇದರರ್ಥವಲ್ಲ, ಬೆನ್ನಿಗೂ ಮನಸ್ಸಿಗೂ ಅದು ಬೇಕು. ಆದರೆ ಶವಾಸನ ಒಂದೇ ನಿನಗೆ ಚೆನ್ನಾಗಿ ಬರುವುದು ಅಂತ ನಿನ್ನ ಹೆಂಡತಿ ಹೇಳಿದಳು. ಎಪ್ಪತ್ತರ ಆಸುಪಾಸಿನಲ್ಲಿ ಶುರುಮಾಡಿದವರ ಹೃದಯದ ಪೆಡಸುತನ ಒಂದು ವರ್ಷದ ತರಬೇತಿಯಲ್ಲೂ ಹೀಗೆ ಇಳಿಯಲಿಲ್ಲ ಅಂತ ಅದೇ ತಂಡ ಮೊದಲೇ ಕಂಡುಕೊಂಡಿತ್ತು. ದಮ್ಮು ಅವರಿಗೂ ಹೆಚ್ಚಿತು, ಅಷ್ಟರಮಟ್ಟಿಗೆ ನನ್ನಂಥವರಿಗೂ ಸಮಾಧಾನ. ನಿನಗೆ ಇನ್ನೂ ಕಾಲವಿದೆ. ಕಾಲವಿದೆ ಅಂದರೆ ಮುಂದಿನ ಯುಗಾದಿಗೆ ನೋಡೋಣ ಅಂತಲ್ಲ.

ಎರಡು ವರ್ಷ ಅಂದಾಗ ನಿನ್ನ ಮುಖ ಬಾಡಿತು. ಎರಡು ವರ್ಷದಲ್ಲಿ ಎಷ್ಟು ಮದುವೆ, ಎಷ್ಟು ಗೃಹಪ್ರವೇಶ, ಎಷ್ಟು ಪ್ರಾಜೆಕ್ಟಿನ ಗಡುವು! ತಪ್ಪುತ್ತದೆ, ತಪ್ಪಲಿ. ಒಂದು ದಿನ ತಪ್ಪಿದ್ದಕ್ಕೆ ಮಾರನೆಯ ದಿನ ಎರಡರಷ್ಟು ಮಾಡಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಡ, ಮಂಡಿ ಹೋಗುವುದು ಆಗಲೇ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತು ಹೋಳಿಗೆಗೆ ಕೈ ಅಡ್ಡ ಹಿಡಿದು ಬಡಿಸುವವರ ಮನಸ್ಸೂ ನೋಯಿಸಬೇಡ. ಎರಡು ವಾರ ಊರಲ್ಲಿದ್ದು ಬಂದರೆ ಮಾತ್ರ ನಿನ್ನ ಸಂಖ್ಯೆಗಳನ್ನು ಬರೆದಿಟ್ಟ ಹಳೆಯ ಚೀಟಿ ಹರಿದುಹಾಕು. ದಮ್ಮು ಅಷ್ಟರಲ್ಲೇ ಇಳಿಯಲು ತೊಡಗಿರುತ್ತದೆ. ಒಂದೊಂದು ನಿಮಿಷ ಹೊಸದಾಗಿ ಎಣಿಸಿ, ಹೊಸ ಸಂಖ್ಯೆ ಬರೆದುಕೋ. ಮೊದಲಿನದಕ್ಕಿಂತ ಕಡಿಮೆ ಬರುತ್ತದೆ, ಅದು ಎಲ್ಲರಿಗೂ ಆಗುವುದೇ. ಪಾರ್ಕಿನಲ್ಲಿ ಯಾರಾದರೂ ಎಷ್ಟು ಹೊಡೆದೆ ಅಂತ ಕೇಳಿದರೆ ನಕ್ಕು ಮುಂದೆ ಹೋಗು. ನೀನು ನಿಜ ಹೇಳುತ್ತೀ, ಅವನು ಐದು ಸೇರಿಸಿ ಹೇಳುತ್ತಾನೆ, ಆಮೇಲೆ ರಾತ್ರಿಯೆಲ್ಲ ನಿನಗೆ ನಿದ್ದೆ ಬರುವುದಿಲ್ಲ.